ಹದಿನೆಂಟು ದಿನದ ತವರು

"ನಮ್ಮ ಸೊಸೆ ಇಂಜಿನಿಯರು" ಎಂದುಬಿಟ್ಟರು ಅತ್ತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಮಾತು ಹೋಗಿತ್ತು, ಮುತ್ತು ಪಕ್ಕದ ಸೀಟಿನಲ್ಲೇ ಕೂತಿತ್ತು. ಆ ಮುತ್ತಿನ ಸರದ ಹೆಂಗಸು ಚಾವಣಿಯಿಲ್ಲದ ಪ್ರವಾಸಿ ಬಸ್ಸು ಹತ್ತಿದಾಗಿನಿಂದ ತಮ್ಮ ಸೊಸೆ ಬ್ಯಾಂಕ್ ಮ್ಯಾನೇಜರ್ ಎಂಬುದನ್ನು ನಾಲ್ಕು ಸಲ ಹೇಳಿದ್ದರು. ಸುತ್ತ ಊರಿಗೆ ಊರೇ ಬಣ್ಣದ ದೀಪ ಹೊತ್ತಿಸಿಕೊಂಡು ಮೆರೆಯುತ್ತಿತ್ತು. ಇವರಿಬ್ಬರಿಗೂ ಅದನ್ನು ನೋಡಲು ಪುರುಸೊತ್ತಿರಲಿಲ್ಲ. ಜಂಬ ಕೊಚ್ಚುವುದರಲ್ಲಿ ಅತ್ತೆಯೂ ಕಡಿಮೆಯವರಲ್ಲ. ತಮ್ಮ ಕೈಹೊಲಿಗೆ, ಮಗನ ಎತ್ತರ, ಮೂವತ್ತು ವರ್ಷದಿಂದ ನಿಮಿಷ ತಪ್ಪದ ಮನೆಯ ಗೋಡೆ ಗಡಿಯಾರ, ಎಲ್ಲವನ್ನೂ ಹೇಳಿ ಮುಗಿಸಿದ್ದರು. ಉಳಿದವಳು ಸೊಸೆಯೊಬ್ಬಳೇ. ಅವಳು ವೆಲ್ಡಿಂಗ್ ಮಾಡುತ್ತಾಳೆ ಎನ್ನಲು ಮಾತ್ರ ನಾಲಿಗೆ ಹೊರಳಲಿಲ್ಲ.

ಸೊಸೆ ಹಿಂದಿನ ಸೀಟಿನಲ್ಲೇ ಇದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು. ಈ ಪ್ರವಾಸಕ್ಕೆ ಅತ್ತೆಯನ್ನು ಹಟ ಮಾಡಿ ಹೊರಡಿಸಿದವಳೇ ಅವಳು. ಗಂಡನಿಗೆ ರಜೆ ಸಿಗದಿದ್ದರೂ, "ನಾವಿಬ್ರೇ ಹೋಗ್ಬರೋಣ ಅತ್ತೆ. ರಾತ್ರಿ ಪೇಟೆ ಸುತ್ತೋದು, ಬೆಳಿಗ್ಗೆ ಜಲಪಾತ ನೋಡೋದು" ಎಂದು ವಾರವೆಲ್ಲ ಬೆನ್ನು ಬಿದ್ದಿದ್ದಳು.

ಬಸ್ಸಿಳಿದು ಎಲ್ಲರೂ ಹಾಡು ಕುಣಿತದ ಹಾಲ್‌ಗೆ ಹೋದರು. ಅತ್ತೆ ವಯಸ್ಸು ಮರೆತು ಚಪ್ಪಾಳೆ ತಟ್ಟಿದರು, ಸ್ವಲ್ಪ ಸೊಂಟವನ್ನೂ ಆಡಿಸಿದರು. ಅತ್ತೆ ಸೊಸೆ ಜೊತೆಯಾಗಿ ನಿಲ್ಲಿ ಎಂದು ಫೋಟೋದವನು ಹೇಳಿದ. ಫ್ಲಾಶ್ ಬೀಳುತ್ತಿದ್ದಂತೆ ಸೊಸೆ ಕಣ್ಣು ಮುಚ್ಚಿ ಮುಖ ಆಚೆ ತಿರುಗಿಸಿದಳು. ಎರಡನೇ ಸಲವೂ ಅಷ್ಟೇ, ಮೂರನೇ ಸಲವೂ ಅಷ್ಟೇ.

"ಏನೇ ಇದು? ನನ್ನ ಪಕ್ಕ ನಿಂತ್ಕೊಳ್ಳೋಕೆ ಅಷ್ಟು ಕಷ್ಟಾನಾ?"

"ಅಯ್ಯೋ, ಹಾಗಲ್ಲ ಅತ್ತೆ. ಫಳ್ ಅಂತ ಬೆಳಕು ಬಂದ್ರೆ ಮುಖ ತಾನಾಗೇ ತಿರುಗುತ್ತೆ. ನಮ್ಮ ಕೆಲಸದಲ್ಲಿ ಹಾಗೆ ತಿರುಗಿಸಿದೋರ ಕಣ್ಣೇ ಉಳಿಯೋದು."

"ಮೆಲ್ಲಗೆ ಮಾತಾಡು!" ಅತ್ತೆ ಮುತ್ತಿನ ಸರದವರ ಕಡೆ ಓರೆಗಣ್ಣಿನಲ್ಲಿ ನೋಡಿದರು.

"ಹೌದಲ್ವಾ, ನಾನು ಇಂಜಿನಿಯರು" ಎಂದು ಸೊಸೆ ನಕ್ಕಳು. ಆ ನಗು ಅತ್ತೆಗೆ ಹಿತವಾಗಲಿಲ್ಲ. ಹೋಟೆಲಿನ ಮೆತ್ತನೆಯ ಹಾಸಿಗೆಯಲ್ಲೂ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಜಲಪಾತದ ಎದುರು ಬಸ್ಸು ನಿಂತಿತು. ನಿಂತು ನೀರು ನೋಡಲೆಂದು ಬಂಡೆಯ ಅಂಚಿನಿಂದ ಕಣಿವೆಯ ಮೇಲಕ್ಕೆ ಕಬ್ಬಿಣದ ಅಟ್ಟಣಿಗೆಯೊಂದು ಚಾಚಿಕೊಂಡಿತ್ತು. ನೆಲಕ್ಕೆ ಜಾಲರಿ, ಕೆಳಗೆ ನೋಡಿದರೆ ಬರೀ ಆಳ. ರಾತ್ರಿ ಕುಣಿದು ಕುಪ್ಪಳಿಸಿದವರೆಲ್ಲ ಅಟ್ಟಣಿಗೆಯ ಬಾಗಿಲಲ್ಲೇ ನಿಂತು, ನೀವು ಮೊದಲು, ನೀವು ಮೊದಲು ಎಂದು ಮರ್ಯಾದೆ ಮಾಡತೊಡಗಿದರು.

"ಹೇಗೂ ನಿಮ್ಮ ಸೊಸೆ ಇಂಜಿನಿಯರಲ್ವಾ?" ಎಂದರು ಮುತ್ತಿನ ಸರದವರು. "ಭಾರ ತಡೆಯುತ್ತೋ ಇಲ್ವೋ, ಅವರೇ ನೋಡಿ ಹೇಳ್ಲಿ."

ಬಂಡವಾಳ ಬಯಲಾಗುವ ಹೊತ್ತು ಬಂತಲ್ಲ ಎಂದು ಅತ್ತೆ ಸೊಸೆಯನ್ನು ತಡೆಯಲು ತಿರುಗಿದರು. ಸೊಸೆ ಆಗಲೇ ಅಟ್ಟಣಿಗೆಯ ತುದಿ ಮುಟ್ಟಿದ್ದಳು. ನೀರಿನ ಕಡೆ ತಿರುಗಿಯೂ ನೋಡದೆ ರೇಲಿಂಗಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಕಂಬ ಕಂಬದ ಸಂದನ್ನೂ ಹೆಬ್ಬೆರಳಿನಿಂದ ಸವರುತ್ತಿದ್ದಳು. ಅತ್ತೆ ಜೀವ ಕೈಯಲ್ಲಿ ಹಿಡಿದುಕೊಂಡು, ಜಾಲರಿಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಅವಳ ಹತ್ತಿರ ಹೋದರು.

"ಏನು ಹುಡುಕ್ತಿದ್ದೀಯೇ?"

"ಹುಡುಕ್ತಿಲ್ಲ ಅತ್ತೆ. ಇದು ನಾನು ಬೆಸೆದದ್ದು. ಹೋದ ವರ್ಷ ಹದಿನೆಂಟು ದಿನ ಮನೇಲಿರ್ಲಿಲ್ವಲ್ಲ, ಆಗ. ಸೊಂಟಕ್ಕೆ ಹಗ್ಗ ಕಟ್ಕೊಂಡು ಆ ಕಡೆಯಿಂದ ನೇತಾಡ್ತಿದ್ವಿ. ನೀರು ಮೈಮೇಲೇ ಹಾರ್ತಿತ್ತು. ಪ್ರತಿ ಸಂದೂ ಒರೆಸಿ, ಕಾಯಿಸಿ, ಪೂರ್ತಿ ಒಣಗಿದ ಮೇಲೇ ಬೆಸುಗೆ. ನಿಮಗೆ ತೋರಿಸ್ಬೇಕು ಅಂತಾನೇ ಕರ್ಕೊಂಡ್ಬಂದೆ."

ಆ ಹದಿನೆಂಟು ದಿನ ಅತ್ತೆಗೆ ಚೆನ್ನಾಗಿಯೇ ನೆನಪಿತ್ತು. ಕೇಳಿದವರಿಗೆಲ್ಲ "ಸೊಸೆ ತವರಿಗೆ ಹೋಗಿದ್ದಾಳೆ" ಎಂದು ಹೇಳಿದ್ದರು. ಅವಳು ಕೈಗೆ ಪಟ್ಟಿ ಸುತ್ತಿಕೊಂಡು ವಾಪಸು ಬಂದಾಗ ಎಲ್ಲಿಗೆ ಹೋಗಿದ್ದೆ, ಏನು ಮಾಡಿದೆ ಎಂದು ಒಂದು ಮಾತೂ ಕೇಳಿರಲಿಲ್ಲ. ಈಗ ಬಗ್ಗಿ ನೋಡಿದರು. ಲೋಹದ ಸಣ್ಣ ಸಣ್ಣ ಅಲೆಗಳು ಒಂದರ ಪಕ್ಕ ಒಂದು, ಅಳೆದಿಟ್ಟಂತೆ, ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಡಿಮೆಯಿಲ್ಲ. ಹೊಲಿಗೆ ಬಲ್ಲವರಿಗೆ ಹೊಲಿಗೆ ಗೊತ್ತಾಗದೆ ಇರುತ್ತದೆಯೇ? ನಲವತ್ತು ವರ್ಷ ಸೂಜಿ ಹಿಡಿದರೂ ಇಷ್ಟು ಸಮನಾದ ಸಾಲು ತಮ್ಮ ಕೈಯಿಂದ ಬಂದಿರಲಿಲ್ಲ. ನಾಚಿಕೆಯಾಯಿತು. ಆದರೆ ಹಿಂದೆಯೇ ಉಕ್ಕಿ ಬಂದ ಹೆಮ್ಮೆಯ ಮುಂದೆ ಆ ನಾಚಿಕೆ ಎಷ್ಟು ಹೊತ್ತು ನಿಂತೀತು?

"ಏನಂತಾರ್ರೀ ಇಂಜಿನಿಯರು?" ಬಾಗಿಲಿನಿಂದ ಕೂಗು ಬಂತು.

"ಇಂಜಿನಿಯರು ಅಂದದ್ದು ಸುಳ್ಳು ಕಣ್ರೀ!" ಅತ್ತೆ ಜಲಪಾತದ ಸದ್ದನ್ನೂ ಮೀರಿ ಕೂಗಿದರು. "ಇಂಜಿನಿಯರು ಕಾಗದದ ಮೇಲೆ ಗೆರೆ ಎಳೆದು ಮನೆಗೆ ಹೋದ. ಇಲ್ಲಿ ಹಗ್ಗಕ್ಕೆ ಜೋತುಬಿದ್ದು ಇದನ್ನೆಲ್ಲ ಬೆಸೆದೋಳು ಇವಳು. ನಮ್ಮ ಸೊಸೆ ವೆಲ್ಡರ್ರು!"

ಸೊಸೆ ಕೂತಲ್ಲೇ ತಲೆಯೆತ್ತಿದಳು. ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅದೆಲ್ಲ ಸರಿ," ಎಂದರು ಮುತ್ತಿನ ಸರದವರು, "ಬಿದ್ದುಗಿದ್ದು ಹೋದ್ರೆ?"

ಮನೆಯಲ್ಲಿ ಸ್ಟೂಲು ಹತ್ತಲೂ ಅಂಜುವ ಅತ್ತೆ ಕಣಿವೆಗೆ ಬೆನ್ನು ಮಾಡಿ, ಮೈಭಾರವನ್ನೆಲ್ಲ ರೇಲಿಂಗಿನ ಮೇಲೆ ಬಿಟ್ಟು ಒರಗಿ ನಿಂತರು.

"ಬೀಳೋದು ಆ ನೀರಿನ ಕೆಲಸ. ಇದು ನಮ್ಮ ಸೊಸೆ ಕೆಲಸ, ಬನ್ರೀ."