ಚಿಲಕ ಹಾಕಿದ ಮಧ್ಯಾಹ್ನ

ಬಿಸಿಲಿಗೆ ಕಾದ ರೆಕ್ಸಿನ್ ಚೀಲದ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಬಾಗೇವಾಡಿಯಲ್ಲಿ ಅವ್ವ ಫೋಟೊ ತೆಗೆಯುವ ಕೆಲಸ ಮಾಡುತ್ತಿದ್ದಳು. ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಮದುವೆ ಎಂದು ಯಾರು ಕರೆದರೂ ಹೋಗಬೇಕು. ಹೋದ ಮೇಲೆ ಮರಳಿ ಬರುವ ಹೊತ್ತು ಅವಳ ಕೈಯಲ್ಲಿರುತ್ತಿರಲಿಲ್ಲ. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ನನ್ನ ಕುಣಿತವಿತ್ತು. ಹನ್ನೊಂದಕ್ಕೆ ಬರುತ್ತೇನೆಂದು ಮಾತು ಕೊಟ್ಟು ಇಂಗಳೇಶ್ವರದ ಕುಬಸಕ್ಕೆ ಹೋದವಳು ಬರಲೇ ಇಲ್ಲ. ಮುಖದ ಬಣ್ಣವನ್ನೂ ತೊಳೆಯದೆ ಗೇಟಿನ ಬಳಿ ಕಾದು ಕಾದು ಮನೆಗೆ ಬಂದೆ.

ಮೂರು ಗಂಟೆಗೆ ಅವ್ವ ಬಾಗಿಲು ಬಡಿದಳು. ನಾನು ಒಳಗಿನಿಂದ ಚಿಲಕ ಹಾಕಿಕೊಂಡು ನಿಂತಿದ್ದೆ.

"ತೆಗಿಬ್ಯಾಡ. ಹೊತ್ತು ಗೊತ್ತಿಲ್ಲದಕಿ, ನಿಲ್ಲಲಿ ಬಿಸಿಲಾಗ," ಎಂದಳು ಅಪ್ಪನ ತಾಯಿ, ನಮ್ಮಜ್ಜಿ.

"ಅವರು ಬಿಡಲೇ ಇಲ್ಲ ಯವ್ವಾ. ಊಟಾ ಮಾಡೀಯೇನ?" ಅವ್ವ ಹೊರಗಿನಿಂದ ನನ್ನನ್ನು ಕೇಳಿದಳು.

"ನೀ ಬರಬ್ಯಾಡ! ಅಲ್ಲೇ ಹೋಗು!" ಎಂದು ಕಿರುಚಿದೆ.

ಕಿಟಕಿಯಿಂದ ನೋಡಿದರೆ ಅವ್ವ ಕಟ್ಟೆಯ ಮೇಲೆ ಕುಸಿದು ಕುಳಿತಿದ್ದಳು. ಕ್ಯಾಮೆರಾ ಚೀಲದ ಪಟ್ಟಿ ಅವಳ ಕುತ್ತಿಗೆಯ ಮೇಲೆ ಕೆಂಪು ಬರೆ ಎಳೆದಿತ್ತು. ಕಾದ ಚೀಲದ ವಾಸನೆ ಸರಳುಗಳೊಳಗಿಂದ ನುಗ್ಗಿತು. ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಎದ್ದು, ಕಣ್ಣೊರೆಸಿಕೊಂಡು, "ಹೌದ್ರಿ. ದೇವರ ಹಿಪ್ಪರಗಿ ಮದುವಿಗೇನ್ರಿ? ಈಗ ಬಸ್ ಹತ್ತತೇನ್ರಿ," ಎಂದಳು. ಪಕ್ಕದ ಮನೆಯಲ್ಲಿ ಒಂದು ತಂಬಿಗೆ ನೀರು ಕೇಳಿ ಕುಡಿದು, ಬಸ್ ಸ್ಟ್ಯಾಂಡಿನತ್ತ ನಡೆದುಬಿಟ್ಟಳು.

ಅಜ್ಜಿ ನನ್ನ ತಲೆ ಸವರಿದಳು. "ಭಾಳ ಚಲೋ ಮಾಡಿದಿ ನೋಡು."

ನಾನು ಆ ಕೈಯನ್ನು ಕಚ್ಚಿದೆ.