ಎದೆಯ ಬಲಗಡೆ

ಪದಕದ ಅಂಚಿನಲ್ಲಿ ಕೊರೆದಿದ್ದ ಹೆಸರು ಮರಿಯಪ್ಪನವರದಲ್ಲ.

ನಮ್ರತಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಕ್ಷರಗಳು ಸವೆದುಹೋಗಿದ್ದವು. ಆದರೂ ಹೆಸರು ಶುರುವಾಗುವುದು ಇಂಗ್ಲಿಷಿನ ಎಲ್ ಅಕ್ಷರದಿಂದ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಬಾತ್‌ರೂಮಿನಲ್ಲಿ ನಲ್ಲಿಯ ಸದ್ದು ನಿಂತಿತು. ಅವಳು ಪದಕವನ್ನು ಡಬ್ಬಿಗೆ ಹಾಕಿ, ಏನನ್ನೂ ಮುಟ್ಟದವಳಂತೆ ಸೋಫಾದ ಮೇಲೆ ಕೂತಳು.

"ಹೊರಡೋಣೇನು ತಾಯಿ?" ಎನ್ನುತ್ತ ಮರಿಯಪ್ಪ ಬಂದರು. ಎಂಬತ್ತು ದಾಟಿದವರು. ಹೆಂಡತಿ ತೀರಿಕೊಂಡ ಮೇಲೆ ಅಮೆರಿಕದ ರೆಡೊಂಡೊ ಬೀಚಿನ ಈ ಫ್ಲ್ಯಾಟಿಗೆ, ಮೊಮ್ಮಗ ಸುಮಂತನ ಹತ್ತಿರ ಬಂದಿದ್ದರು. ಇಸ್ತ್ರಿ ಮಾಡಿದ ಕೋಟು. ಡಬ್ಬಿಯಿಂದ ಎರಡು ಪದಕ ತೆಗೆದು ತಾವೇ ಸಿಕ್ಕಿಸಿಕೊಂಡರು.

ಎದೆಯ ಬಲಗಡೆಗೆ.

ಸೈನಿಕರು ಪದಕ ಹಾಕಿಕೊಳ್ಳುವುದು ಎಡಗಡೆ. ಅದನ್ನವಳು ಹೋದ ವರ್ಷ ಕಲಿತಿದ್ದಳು, ಮರೆಯಲಾಗದಂತೆ.

ಸ್ಯಾನ್ ಡಿಯಾಗೊದ ಕನ್ನಡ ಬಳಗದವರು ಪ್ರತಿವರ್ಷ ಹಿರಿಯರ ಸೈನ್ಯದ ನೆನಪುಗಳಿಗೆಂದೇ ಒಂದು ಸಂಜೆ ಸೇರುತ್ತಿದ್ದರು. ಹೋದ ವರ್ಷ ಅವಳು ಹುಡುಕಿ ತಂದಿದ್ದ 'ಮೇಜರ್' ಗುಜರಿ ಅಂಗಡಿಯ ಪದಕ ಹಾಕಿಕೊಂಡು ಬಂದಿದ್ದ. ನಿವೃತ್ತ ಸುಬೇದಾರ್ ಶಿವಲಿಂಗಯ್ಯ ಎದ್ದು ನಿಂತು ನಾಲ್ಕು ಪ್ರಶ್ನೆ ಕೇಳಿದ್ದೇ ತಡ, ಮನುಷ್ಯ ಹಿಂಬಾಗಿಲಿನಿಂದ ನಾಪತ್ತೆ. "ಸತ್ತ ಹುಡುಗರ ಪದಕ ಕಣಮ್ಮ ಅವು. ಕರೆಯೋಕೆ ಮುಂಚೆ ನೋಡಬಾರದಾ?" ಎಂದಿದ್ದರು ಶಿವಲಿಂಗಯ್ಯ. ಆಮೇಲೆ ತಿಂಗಳುಗಟ್ಟಲೆ ಅವಳು ಬಳಗದತ್ತ ತಲೆಹಾಕಿರಲಿಲ್ಲ. ಈ ಸಲ ಅಂಗಲಾಚಿ ಜವಾಬ್ದಾರಿ ಪಡೆದಿದ್ದಳು. ಇದೂ ಕೆಟ್ಟರೆ ಅವಳ ಮಾತನ್ನು ಯಾರೂ ನಂಬುವುದಿಲ್ಲ.

ಸುಮಂತ್ ಹೇಳಿದ್ದಾದರೂ ಏನು? "ಮನೇಲಿ ಸೆವೆಂಟಿಒನ್ ವಾರ್ ಮೆಡಲ್ಸ್ ಇವೆ ಆಂಟಿ. ತಾತ ತರ್ತಾರೆ, ಮಾತಾಡ್ತಾರೆ." ಅಷ್ಟು ಹೇಳಿ ಅವನು ಆಫೀಸಿನ ಕೆಲಸಕ್ಕೆ ಊರು ಬಿಟ್ಟಿದ್ದ. ಆಹ್ವಾನ ಪತ್ರಿಕೆಯಲ್ಲಿ 'ವೀರಯೋಧ ಮರಿಯಪ್ಪ' ಎಂದು ಹಾಕಿಸಿದ್ದು ಅವಳು. ಹಿರಿಯರನ್ನು ಹಿಡಿದು, ನೀವು ನಿಜವಾಗಿಯೂ ಸೈನ್ಯದಲ್ಲಿದ್ದಿರಾ ಎಂದು ಕೇಳುವುದು ಹೇಗೆ? ಹಾಗೆ ಕೇಳುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಕಾರು ಹೈವೇ ಸೇರಿದ ಮೇಲೆ ಅವಳು ಸುತ್ತುಬಳಸಿ ಶುರುಮಾಡಿದಳು.

"ಯುದ್ಧದ ಟೈಮಲ್ಲಿ ಪೋಸ್ಟಿಂಗ್ ಎಲ್ಲಿತ್ತು ಅಂಕಲ್?"

"ಪಠಾಣ್‌ಕೋಟ್."

"ಗುಂಡು ಹಾರಿಸೋದು ಅಂದ್ರೆ ಭಯ ಅಲ್ವಾ?"

ಮುದುಕರು ನಕ್ಕರು. "ಅಲ್ಲಿ ಗುಂಡು ತೆಗೆಯೋ ಕೆಲಸ ತಾಯಿ, ಹಾರಿಸೋದಲ್ಲ."

ಅವಳಿಗೆ ತಲೆಬುಡ ತಿಳಿಯಲಿಲ್ಲ. "ಚಳಿ ಜೋರಿತ್ತೇನೋ."

"ಇದ್ದಿರಬೇಕು. ಆ ಡಿಸೆಂಬರ್ ಪೂರ್ತಿ ನಾನು ದಾವಣಗೆರೇಲಿ ರೇಡಿಯೊ ಬಿಟ್ಟು ಅಲ್ಲಾಡಿಲ್ಲ."

ಪಕ್ಕದ ಲಾರಿ ಹಾರನ್ ಹೊಡೆದಾಗಲೇ ಅವಳಿಗೆ ತಾನು ಲೇನ್ ಬಿಟ್ಟಿದ್ದು ಗೊತ್ತಾದದ್ದು. ಸ್ಟಿಯರಿಂಗ್ ಬಿಗಿಯಾಗಿ ಹಿಡಿದಳು. ದಾವಣಗೆರೆ! ಇನ್ನೇನು ಬೇಕು ಸಾಕ್ಷಿಗೆ? ಅಥವಾ ವಯಸ್ಸಾದವರು, ಇಸವಿ ತಪ್ಪಿರಬಹುದೇ? ತಪ್ಪು ತನ್ನ ಕಿವಿಯದೇ ಇರಬಹುದೇ? ಮತ್ತೆ ಕೇಳಬೇಕೆಂದು ತಿರುಗಿದರೆ ಮರಿಯಪ್ಪ ಕತ್ತು ವಾಲಿಸಿ ನಿದ್ದೆಹೋಗಿದ್ದರು. ಒಂದು ಕೈ ಪದಕಗಳ ಮೇಲಿತ್ತು. ಯಾರಾದರೂ ಕಿತ್ತುಕೊಂಡಾರೆಂಬಂತೆ.

ಸ್ಯಾನ್ ಡಿಯಾಗೊ ತಲುಪಿದಾಗ ರಾಂಚೊ ಬರ್ನಾರ್ಡೊದ ಸಭಾಂಗಣದಲ್ಲಿ ಬಿಸಿಬೇಳೆಬಾತಿನ ಘಮ ತುಂಬಿತ್ತು. ಮೊದಲ ಸಾಲಿನಲ್ಲಿ, ಸೆಟೆದ ಬೆನ್ನಿನ ಶಿವಲಿಂಗಯ್ಯ. ವೇದಿಕೆಯ ಪಕ್ಕದಲ್ಲಿ ನಮ್ರತಾ ಕೊನೆಯ ಪ್ರಯತ್ನ ಮಾಡಿದಳು. ಕನಿಷ್ಠ ಇದೊಂದಾದರೂ ಸರಿ ಕಾಣಲಿ.

"ಅಂಕಲ್, ಮೆಡಲ್ ಎಡಗಡೆ ಹಾಕ್ಕೊಂಡ್ರೆ ಫೋಟೋಗೆ ಚೆನ್ನಾಗಿರುತ್ತೆ." ಕೈ ಚಾಚಿದಳು.

ಮರಿಯಪ್ಪ ಥಟ್ಟನೆ ಹಿಂದೆ ಸರಿದರು. "ಬೇಡ ತಾಯಿ. ಎಡಗಡೆ ಹಾಕ್ಕೊಳ್ಳೋ ಯೋಗ್ಯತೆ ನನಗಿಲ್ಲ."

ಅವರೇ ಒಪ್ಪಿಕೊಂಡಂತಾಯಿತು. ನಮ್ರತಾ ದನಿ ತಗ್ಗಿಸಿದಳು. "ಇನ್ನೂ ಟೈಮಿದೆ ಅಂಕಲ್. ಹುಷಾರಿಲ್ಲ ಅಂತ ಹೇಳ್ತೀನಿ. ಯಾರೂ ಏನೂ ಕೇಳಲ್ಲ. ನಾನೇ ಮನೆಗೆ ಬಿಡ್ತೀನಿ."

"ಯಾಕೆ? ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಇವುಗಳ ಅಕ್ಷರಾನೇ ಸವೆಸಿದೀನಿ, ಇಷ್ಟು ವರ್ಷ. ಒಂದ್ಸಲನಾದ್ರೂ ನಾಲ್ಕು ಜನ ನೋಡಬೇಡ್ವಾ?"

ಹೆಸರು ಅಳಿಸಲು ತಿಕ್ಕಿದ್ದೇ! ಅವಳು ಮೈಕ್ ಹಿಡಿದಳು. 'ವೀರಯೋಧ' ಎಂಬ ಮಾತನ್ನು ಬಿಟ್ಟಳು. "ದಾವಣಗೆರೆಯ ಶ್ರೀ ಮರಿಯಪ್ಪನವರು," ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದಳು.

ಮುದುಕರು ದೀಪದ ಬೆಳಕಿಗೆ ಬಂದರು. ಪದಕಗಳು ಹೊಳೆದವು.

ಶಿವಲಿಂಗಯ್ಯ ಎದ್ದು ನಿಂತರು.

ಮುಗಿಯಿತು, ಎಂದುಕೊಂಡಳು ನಮ್ರತಾ. ಹೋದ ವರ್ಷವೂ ಅವರು ಎದ್ದದ್ದು ಹೀಗೆಯೇ. ಸುಬೇದಾರರು ನಿಧಾನವಾಗಿ ಮೆಟ್ಟಿಲು ಹತ್ತಿದರು. ಮರಿಯಪ್ಪನವರ ಎದೆಯ ಬಲಭಾಗವನ್ನೇ ದಿಟ್ಟಿಸಿದರು. ಹಿಮ್ಮಡಿಗಳು ಟಪ್ಪೆಂದು ಕೂಡಿದವು. ಕೈ ಹಣೆಗೆ ಹೋಯಿತು. ಸಲ್ಯೂಟ್.

"ಬಲಗಡೆ ಅಂದ್ರೆ ತೀರಿಹೋದವರ ಪದಕ, ಮನೆಯವರು ಹಾಕ್ಕೊಳ್ಳೋದು," ಎಂದರು ಸಭೆಗೆ ಕೇಳುವಂತೆ. ಆಮೇಲೆ ಮೆಲ್ಲಗೆ, "ಯಾರದು ಸಾರ್? ಅಣ್ಣಂದಾ, ತಮ್ಮಂದಾ?"

"ನನ್ನ ಹೆಂಡತೀದು," ಎಂದರು ಮರಿಯಪ್ಪ. "ಲೆಫ್ಟಿನೆಂಟ್ ಲೀಲಾ, ಮಿಲಿಟರಿ ಆಸ್ಪತ್ರೆ ನರ್ಸು. ಮದುವೆ ಆದ್ರೆ ಕೆಲಸ ಬಿಡಬೇಕು ಅನ್ನೋ ಕಾಲ. ನನಗೋಸ್ಕರ ಸೈನ್ಯಾನೇ ಬಿಟ್ಟು ಬಂದ್ಲು."