ಮೂರನೆಯ ಟಾರ್ಚ್

ಮೂರನೆಯ ಟಾರ್ಚನ್ನೂ ಮಡಿವಾಳಪ್ಪ ಬೇಸರದಿಂದ ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟರು. "ಇದೂ ಮಂಕ ಐತ್ರೀ. ದಿನಾ ಕಿಸೇದಾಗ ಇಟ್ಕೊಳ್ಳಾಕ ಸಣ್ಣದ ಬೇಕು, ಆದ್ರ ಬೆಳಕು ಚಲೋ ಇರಬೇಕು."

ಪೀಣ್ಯದ ಕಾರ್ಖಾನೆಯೊಂದರಲ್ಲಿ ಬ್ರೇಕ್ ಸಿಲಿಂಡರ್‌ಗಳ ಒಳಮೈಗೆ ಟಾರ್ಚ್ ಬಿಟ್ಟು ಪರೀಕ್ಷಿಸುವುದು ಹದಿನೆಂಟು ವರ್ಷದಿಂದ ಅವರ ಕೆಲಸ. ಸರಿಯಿದ್ದುದಕ್ಕೆ ಹಸಿರು ಚುಕ್ಕೆ ಇಡುತ್ತಾರೆ. ಹಳೆಯ ಟಾರ್ಚ್ ಒಂದು ತಿಂಗಳಿಂದ ಮಬ್ಬಾಗಿದೆಯೆಂದು ಹೊಸದಕ್ಕೆ ಬಂದಿದ್ದರು. ಬೆಳಕು ಒಳಗೆಲ್ಲ ಮುಟ್ಟುತ್ತದೆಯೇ ಎಂದು ನೋಡಲು, ಬೆಳಿಗ್ಗೆ ತಾವೇ ಪಾಸು ಮಾಡಿದ ಒಂದು ಪೀಸನ್ನೂ ತಂದಿದ್ದರು.

"ಮಂಕಾ? ನನ್ ಕಣ್ಣು ಕುಕ್ತೈತೆ ಸಾರ್," ಎಂದರು ಅಂಗಡಿಯ ಭದ್ರಮ್ಮ. ಪೀಸನ್ನೆತ್ತಿ ಅದೇ ಟಾರ್ಚ್ ಬಿಟ್ಟು ಇಣುಕಿದರು. "ಅಯ್ಯೋ, ಒಳ್ಗಡೆ ಕೂದ್ಲೆಳೆ ಥರ ಬಿರುಕು ಬಿಟ್ಟೈತಲ್ಲ! ರಿಜೆಕ್ಟ್ ಪೀಸಾ ಇದು?"

ಮಡಿವಾಳಪ್ಪ ಎರಡನ್ನೂ ಇಸಿದುಕೊಂಡು, ಪೀಸಿನೊಳಗೆ ಟಾರ್ಚ್ ಬಿಟ್ಟು ಕಣ್ಣಿಗೆ ಹಿಡಿದರು. ಒಳಗೆ ಬರೀ ಮಂಜು ಕಂಡಿತು. ತಾವು ಪಾಸು ಮಾಡಿ, ಮಧ್ಯಾಹ್ನವೇ ಲಾರಿ ಹತ್ತಿದ ಪೆಟ್ಟಿಗೆಗಳು ನೆನಪಾದವು.

"ಹೌದ್ರೀ," ಎಂದರು, ಹಸಿರು ಚುಕ್ಕೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು. "ರಿಜೆಕ್ಟ್ ಪೀಸ."